ಮೊದಲು ನಿನ್ನೆಯ ಪುಟ ಓದಿ

ಪೀಣ್ಯದ ಸಣ್ಣ ಮಷಿನ್ ಶಾಪ್‌ಗಳಲ್ಲಿ ಮೀಟಿಂಗ್ ಅಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಕಸ್ಟಮರ್ ಮಾಲು ವಾಪಸ್ ಕಳಿಸಿದಾಗ, ಡಿಸ್ಪ್ಯಾಚ್ ತಪ್ಪಿದಾಗ ಓನರ್ ಎಲ್ಲರನ್ನೂ ಕ್ಯಾಬಿನ್ನಿಗೆ ಕರೆಯುತ್ತಾರೆ. ಒಂದು ಗಂಟೆ ಬೈಗುಳ. ಆಮೇಲೆ ಎಲ್ಲರೂ ಅವರವರ ಮಷಿನ್ ಹತ್ತಿರ ಹೋಗುತ್ತಾರೆ. ಇನ್ನೊಂದು ಮೀಟಿಂಗ್ ಆಗಬೇಕಾದರೆ ಇನ್ನೊಂದು ಲಾಟ್ ರಿಜೆಕ್ಟ್ ಆಗಬೇಕು.

ಇಂಥ ಘಟಕಗಳಿಗೆ ಉತ್ಪಾದನೆ, ಗುಣಮಟ್ಟದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಹೊಸ ಕಡೆ ಹೋದಾಗ ಮೊದಲು ಮೀಟಿಂಗ್ ಪುಸ್ತಕ ಕೊಡಿ ಎನ್ನುತ್ತೇನೆ. ಇದ್ದರೂ ಅದರಲ್ಲಿ ಬರೆದಿರುವುದು ಹೆಚ್ಚಾಗಿ ಹೀಗಿರುತ್ತದೆ: ‘ರಿಜೆಕ್ಷನ್ ಕಡಿಮೆ ಮಾಡಬೇಕು. ಟೈಮಿಗೆ ಸರಿಯಾಗಿ ಡಿಸ್ಪ್ಯಾಚ್ ಆಗಬೇಕು. ಎಲ್ಲರೂ ಸಹಕರಿಸಬೇಕು.’ ಇದನ್ನು ಇಟ್ಟುಕೊಂಡು ನಾಳೆ ಬೆಳಿಗ್ಗೆ ಯಾರನ್ನು ಏನಂತ ಕೇಳುತ್ತೀರಿ?

ದಿನವೂ ಒಂದೇ ಹೊತ್ತಿಗೆ ಸೇರಿ. ಹೊಸ ಮಾತು ಎತ್ತುವ ಮೊದಲು ನಿನ್ನೆಯ ಪುಟ ಓದಿ. ಮಿಕ್ಕಿದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ.

ಇದನ್ನು ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳು ಎಷ್ಟೋ ಕಾರ್ಖಾನೆಗಳಿಗಿಂತ ಚೆನ್ನಾಗಿ ಮಾಡುತ್ತವೆ. ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿತು. ಸಂಘಗಳ ಪಂಚಸೂತ್ರದಲ್ಲಿ ಉಳಿತಾಯಕ್ಕಿಂತ, ಸಾಲಕ್ಕಿಂತ ಮೊದಲು ಬರುವುದು ನಿಯಮಿತ ಸಭೆ. ಹತ್ತರಿಂದ ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಕೂರುತ್ತಾರೆ. ಹಿಂದಿನ ವಾರದ ನಡಾವಳಿ ಓದುತ್ತಾರೆ. ಯಾರ ಸಾಲ ಎಷ್ಟು, ಈ ವಾರದ ಕಂತು ಬಂತಾ ಎಂಬುದು ಎಲ್ಲರ ಎದುರು, ಹೆಸರು ಹಿಡಿದೇ ಬರುತ್ತದೆ. ಕಟ್ಟಲಾಗದವಳು ಯಾಕೆ ಅಂತ ಅಲ್ಲೇ ಹೇಳುತ್ತಾಳೆ. ಜವಾಬ್ದಾರಿ ಎಂದರೆ ಇಷ್ಟೇ ಅಲ್ವಾ?

ಐಎಸ್ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಇರುವ ಓನರ್‌ಗಳಿಗೆ ಇನ್ನೊಂದು ಮಾತು ಹೇಳುತ್ತೇನೆ. ಅದರ 2015ರ ಆವೃತ್ತಿಯಲ್ಲಿ ಮ್ಯಾನೇಜ್‌ಮೆಂಟ್ ರಿವ್ಯೂಗೆ, ಅಂದರೆ ಆಡಳಿತದವರು ನಡೆಸುವ ಪರಿಶೀಲನೆಗೆ, ಏನೇನು ತರಬೇಕು ಎಂಬ ಪಟ್ಟಿ ಇದೆ. ಅದರಲ್ಲಿ ಮೊದಲ ಸಾಲೇ ಹಿಂದಿನ ರಿವ್ಯೂನಲ್ಲಿ ಒಪ್ಪಿಕೊಂಡ ಕೆಲಸಗಳು ಎಲ್ಲಿಗೆ ಬಂದವು ಎಂಬುದು. ಗೋಡೆಗೆ ಫ್ರೇಮ್ ಹಾಕಿಸಿದ ಮೇಲೆ ಆ ಸಾಲನ್ನು ದಿನದ ಕೆಲಸಕ್ಕೂ ತನ್ನಿ.

ಮಾಡುವ ರೀತಿ ಕಷ್ಟವೇನಲ್ಲ. ಜನರಲ್ ಶಿಫ್ಟ್ ಶುರುವಾದ ಕೂಡಲೇ, ಮಷಿನ್‌ಗಳ ಪಕ್ಕದಲ್ಲೇ, ಬೋರ್ಡಿನ ಮುಂದೆ ನಿಂತುಕೊಂಡು ಹದಿನೈದು ನಿಮಿಷ. ಕ್ಯಾಬಿನ್ ಬೇಡ, ಕುರ್ಚಿ ಬೇಡ. ಐಟಿಯವರು ಸ್ಕ್ರಮ್ ಎಂಬ ಕೆಲಸದ ಪದ್ಧತಿಯಲ್ಲಿ ದಿನದ ಮೀಟಿಂಗ್‌ಗೆ ಇಟ್ಟಿರುವ ಮಿತಿಯೂ ಹದಿನೈದೇ. ಪ್ಲಾನಿಂಗ್, ಕ್ವಾಲಿಟಿ, ಮೆಂಟೇನೆನ್ಸ್, ಸ್ಟೋರ್ಸ್, ಶಿಫ್ಟ್ ಸೂಪರ್‌ವೈಸರ್ ಜೊತೆಗೆ ಆಪರೇಟರ್‌ಗಳಲ್ಲಿ ಒಬ್ಬಿಬ್ಬರಾದರೂ ಇರಲೇಬೇಕು. ಇದರಲ್ಲಿ ನಾನು ಬಿಲ್‌ಕುಲ್ ರಾಜಿ ಆಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಒಂದೆರಡು ಗಂಟೆ ಓಡಿ ಬಿಸಿಯಾದಾಗ ಸೈಜ್ ಕೆಲವು ಮೈಕ್ರಾನ್ ಜರುಗುತ್ತದೆ. ಅನುಭವ ಇರುವ ಆಪರೇಟರ್‌ಗೆ ಅದು ಗೊತ್ತು. ಸುಮ್ನೆ ಒಂದು ಆಫ್‌ಸೆಟ್ (ಮಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಕೊಟ್ಟು ಜಾಬ್ ಮುಂದುವರಿಸುತ್ತಾನೆ. ಅವನ ಶಿಫ್ಟ್ ಮುಗಿಯುತ್ತದೆ, ಮಷಿನ್ ಸ್ವಲ್ಪ ಹೊತ್ತು ನಿಂತು ತಣ್ಣಗಾಗುತ್ತದೆ. ರಾತ್ರಿ ಪಾಳಿಯವನು ಬಂದು ಅದೇ ಆಫ್‌ಸೆಟ್‌ನಲ್ಲಿ ಸ್ಟಾರ್ಟ್ ಮಾಡುತ್ತಾನೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು-ಕಡಿಮೆ) ಬಿಗಿ ಇದ್ದರೆ ಮೊದಲ ಪೀಸ್‌ಗಳು ರಿಜೆಕ್ಟ್. ಬೆಳಿಗ್ಗೆ ರಿಜೆಕ್ಷನ್ ಬಿನ್ ನೋಡಿ ‘ರಾತ್ರಿ ಪಾಳಿಯವರು ಸರಿ ಇಲ್ಲ’ ಎಂಬ ತೀರ್ಪು ಬರುತ್ತದೆ. ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ, ಅಷ್ಟೇ. ಆಪರೇಟರ್ ಬೋರ್ಡಿನ ಮುಂದೆ ಇದ್ದಿದ್ದರೆ ‘ಸರ್, ಎರಡನೇ ಮಷಿನ್ ಮಧ್ಯಾಹ್ನದ ಮೇಲೆ ಸೈಜ್ ಬಿಡ್ತಿದೆ’ ಅಂತ ಒಂದು ಮಾತು ಹೇಳುತ್ತಿದ್ದ.

ಅವನು ಹೇಳಬೇಕಾದರೆ ಭಾಷೆಯೂ ಅವನದಾಗಿರಬೇಕು. ಪೀಣ್ಯದಲ್ಲಿ ಉತ್ತರ ಕರ್ನಾಟಕದವರೂ ಇದ್ದಾರೆ, ಒಡಿಶಾ, ಬಿಹಾರದವರೂ ಇದ್ದಾರೆ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೆ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ತಲೆ ಆಡಿಸುತ್ತಾರೆ. ಕನ್ನಡ, ಹಿಂದಿ ಎರಡೂ ಬೆರೆತರೂ ಪರವಾಗಿಲ್ಲ.

ಈಗ ಪುಸ್ತಕದ ವಿಷಯ. ಮೇಲಿನ ಮಾತು ಬಂದ ಕೂಡಲೇ ಹೀಗೆ ಬರೆಯಬೇಕು: ಕೆಲಸ, ‘ಎರಡನೇ ಲೇತ್, ಶಿಫ್ಟ್ ಶುರುವಾದಾಗ ಮೊದಲ ಪೀಸ್ ಅಳತೆ ಮಾಡಿ ಆಫ್‌ಸೆಟ್ ಸರಿಪಡಿಸುವ ಪದ್ಧತಿ ಬರೆದು ಮಷಿನ್ ಮೇಲೆ ಅಂಟಿಸುವುದು’. ಮುಂದೆ ಒಬ್ಬರ ಹೆಸರು, ಆಮೇಲೆ ಬುಧವಾರ ಸಂಜೆ 5 ಗಂಟೆ. ‘ಕ್ವಾಲಿಟಿ ಡಿಪಾರ್ಟ್‌ಮೆಂಟ್’ ಅಂತ ಬರೆದರೆ ಆಗದು. ಇಬ್ಬರ ಹೆಸರು ಬರೆದರೂ ಆಗದು, ಇವನು ಮಾಡುತ್ತಾನೆ ಅಂತ ಅವನು, ಅವನು ಮಾಡುತ್ತಾನೆ ಅಂತ ಇವನು ಕೂರುತ್ತಾರೆ. ‘ನೋಡ್ತೀನಿ ಸರ್’, ‘ಆದಷ್ಟು ಬೇಗ’ ಎಂಬುದನ್ನು ಪುಸ್ತಕಕ್ಕೆ ಹತ್ತಿಸಲೇಬೇಡಿ. ದಿನ ಯಾವುದು ಅಂತ ಮಾಡುವವನೇ ಹೇಳಲಿ, ತಾನೇ ಹೇಳಿದ ದಿನಕ್ಕೆ ಮನುಷ್ಯ ಜಾಸ್ತಿ ನಿಲ್ಲುತ್ತಾನೆ.

ದಿನ ತಪ್ಪಿದರೆ ಹಳೆಯದನ್ನು ಅಳಿಸಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲೇ ಹೊಸದು ಬರೆಯಿರಿ. ಎರಡು ಗೆರೆ ಬಿದ್ದ ಕೆಲಸವನ್ನು ಅವತ್ತೇ ಓನರ್ ಕೈಗೆತ್ತಿಕೊಳ್ಳಬೇಕು: ಬೇಕಾದ ಹಣ, ಜನ, ಟೂಲ್ ಕೊಡಬೇಕು, ಇಲ್ಲವಾದರೆ ಈ ಕೆಲಸ ಬೇಡ ಅಂತ ಎಲ್ಲರ ಎದುರು ಹೇಳಿ ತೆಗೆದುಹಾಕಬೇಕು.

ವಾಟ್ಸಾಪ್ ಗ್ರೂಪ್ ಇದೆಯಲ್ಲ ಅಂತ ಹಲವರು ಕೇಳುತ್ತಾರೆ. ಸುದ್ದಿ ಮುಟ್ಟಿಸಲು ಅದು ಸಾಕು. ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಕೆಲಸ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಇನ್ನು ಇಬ್ಬರಿಗೆ ಮಾತ್ರ ಸಂಬಂಧಿಸಿದ ಚರ್ಚೆ ಶುರುವಾದರೆ ಮೀಟಿಂಗ್ ಮುಗಿದ ಮೇಲೆ ಇಟ್ಟುಕೊಳ್ಳಿ ಎನ್ನಿ.

ಇದನ್ನೆಲ್ಲ ಕೆಡಿಸುವುದು ಒಂದೇ, ಬೈಗುಳ. ‘ಆಗಿಲ್ಲ ಸರ್’ ಎಂದವನಿಗೆ ಹತ್ತು ಜನರ ಎದುರು ಉಗಿದರೆ, ಮಾರನೇ ದಿನ ಅವನು ‘ಆಗ್ತಾ ಇದೆ ಸರ್’ ಎನ್ನಲು ಕಲಿಯುತ್ತಾನೆ. ಆಮೇಲೆ ಆ ಪುಸ್ತಕದಲ್ಲಿ ಸತ್ಯ ಸಿಗುವುದಿಲ್ಲ. ‘ಏನು ಅಡ್ಡ ಬಂತು?’ ಅಂತ ಕೇಳಿ. ಎಷ್ಟೋ ಸಲ ಉತ್ತರ ಓನರ್ ಹತ್ತಿರವೇ ಬರುತ್ತದೆ. ಇನ್‌ಸರ್ಟ್ (ಟೂಲಿನ ಕತ್ತರಿಸುವ ತುದಿ) ಆರ್ಡರ್‌ಗೆ ಸಹಿ ಆಗಿಲ್ಲ, ಅಳತೆಯ ಗೇಜನ್ನು ಕ್ಯಾಲಿಬ್ರೇಷನ್‌ನಿಂದ (ನಿಖರತೆಯ ಪರೀಕ್ಷೆಯಿಂದ) ಬಿಡಿಸಿಕೊಳ್ಳಲು ಹಣ ಕೊಟ್ಟಿಲ್ಲ.

ಅದಕ್ಕೇ ನಾನು ಓನರ್‌ಗೆ ಹೇಳುವುದು: ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಎರಡು ಕೆಲಸ, ಎರಡು ದಿನಾಂಕ ಬರೆಸಿ. ಮಾರನೇ ದಿನ ಸೂಪರ್‌ವೈಸರ್ ಅದನ್ನೇ ಮೊದಲು ಗಟ್ಟಿಯಾಗಿ ಓದಲಿ, ನೀವು ಎಲ್ಲರ ಮುಂದೆ ನಿಂತು ಉತ್ತರ ಕೊಡಿ.