ಚಳ್ಳಕೆರೆಯ ಶೇಂಗಾ, ಬಂದರಿನ ಪಾಮೆಣ್ಣೆ: ಸುಂಕದ ರಾಜಕೀಯ

ಮೊದಲು ಆಮದು ಸುಂಕದ ಎರಡು ದರಗಳನ್ನು ಬೇರೆ ಮಾಡಿಕೊಳ್ಳಿ. ಇದಕ್ಕಿಂತ ಮೇಲೆ ಏರಿಸುವುದಿಲ್ಲವೆಂದು ವಿಶ್ವ ವ್ಯಾಪಾರ ಸಂಸ್ಥೆಗೆ ಬರೆದುಕೊಟ್ಟ ಮಿತಿ ಬದ್ಧ ದರ. ಬಂದರಿನಲ್ಲಿ ನಿಜಕ್ಕೂ ವಸೂಲಾಗುವುದು ಜಾರಿ ದರ. ಪಾಮೆಣ್ಣೆಗೆ ಭಾರತದ ಬದ್ಧ ದರ ಶೇ 300. ಪರೀಕ್ಷೆಯಲ್ಲಿ ಇಷ್ಟು ಬರೆದು ನಿಲ್ಲಿಸುವವರೇ ಹೆಚ್ಚು. ಸೋಯಾ ಎಣ್ಣೆಯದು ಶೇ 45 ಮಾತ್ರ. ಪಾಮೆಣ್ಣೆಗೆ ಸಿಕ್ಕಾಪಟ್ಟೆ ಸುಂಕ ಹಾಕಿದರೆ ಕೊಳ್ಳುವವರು ಸೋಯಾಕ್ಕೆ ಹೊರಳುತ್ತಾರೆ. ಹಾಗಾಗಿ ಆ 300 ಬಹುಮಟ್ಟಿಗೆ ಕಾಗದದ ಮೇಲಿನದು.

ಇದರ ಮೇಲೆ ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ವ್ಯಾಪಾರ ಒಪ್ಪಂದ: ಸಹಿ 2009, ಜಾರಿ 2010ರ ಜನವರಿ 1. ಅದರಂತೆ 2020ರ ಜನವರಿಗೆ ಕಚ್ಚಾ ಪಾಮೆಣ್ಣೆಯ ಸುಂಕ ಶೇ 37.5ಕ್ಕೆ, ಸಂಸ್ಕರಿಸಿದ್ದರದು ಶೇ 45ಕ್ಕೆ ಇಳಿಯಿತು. ಮರುವಾರವೇ ಸರ್ಕಾರ ಸಂಸ್ಕರಿಸಿದ ಪಾಮೆಣ್ಣೆಯನ್ನು ‘ನಿರ್ಬಂಧಿತ’ ಪಟ್ಟಿಗೆ, ಅಂದರೆ ಲೈಸೆನ್ಸ್ ಇಲ್ಲದೆ ತರಿಸಲಾಗದ ಸರಕಿನ ಪಟ್ಟಿಗೆ, ಸೇರಿಸಿತು. ಸುಂಕದ ಕೈ ಕಟ್ಟಿದರೆ ಲೈಸೆನ್ಸಿನ ಕೈ ಬಿಚ್ಚಿಕೊಳ್ಳುತ್ತದೆ.

ಈಗ 2025ರ ಮೇ ಕೊನೆಯ ಬದಲಾವಣೆಯ ಲೆಕ್ಕ. ಕಚ್ಚಾ ಅಡುಗೆ ಎಣ್ಣೆಗೆ ಮೂಲ ಸುಂಕ ಶೇ 20ರಿಂದ 10ಕ್ಕೆ ಬಂತು. ಅದಕ್ಕೆ ಕೃಷಿ ಸೆಸ್ 5 ಸೇರಿಸಿ, ಬಂದ 15ರ ಮೇಲೆ ಶೇ 10 ಸಾಮಾಜಿಕ ಕಲ್ಯಾಣ ಸರ್‌ಚಾರ್ಜ್ ಹಾಕಿ: ಒಟ್ಟು 16.5; ಮೊದಲು 27.5 ಇತ್ತು. (ಸರ್‌ಚಾರ್ಜನ್ನು ಸರಕಿನ ಬೆಲೆಯ ಮೇಲೆ ಹಾಕಿದರೆ ಲೆಕ್ಕ ಕೆಡುತ್ತದೆ, ಅದು ಸುಂಕದ ಮೇಲಿನ ಸುಂಕ.) ಸಂಸ್ಕರಿಸಿದ ಎಣ್ಣೆಗೆ 35.75 ಹಾಗೇ ಉಳಿಯಿತು. ಎರಡರ ನಡುವಿನ ಅಂತರ 8.25ರಿಂದ 19.25ಕ್ಕೆ ಜಿಗಿಯಿತು.

ಲಾಭ ಯಾರಿಗೆ? ಕಚ್ಚಾ ಎಣ್ಣೆ ತರಿಸಿ ಇಲ್ಲೇ ಸಂಸ್ಕರಿಸುವ ಘಟಕಗಳಿಗೆ. ಅವರು ಬೆರಳೆಣಿಕೆಯವರು, ಸಂಘ ಕಟ್ಟಿಕೊಂಡವರು, ಅಂತರ ಹೆಚ್ಚಿಸಿ ಎಂದು ದೆಹಲಿಯಲ್ಲಿ ಕೇಳಿಕೊಂಡವರು. ಗೃಹಿಣಿಗೆ ಉಳಿಯುವುದು ಲೀಟರಿಗೆ ಕೆಲವು ರೂಪಾಯಿ. ಅಷ್ಟಕ್ಕೆ ಯಾರೂ ಮನವಿಪತ್ರ ಹಿಡಿದು ಹೋಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನ ಮಳೆಯಾಶ್ರಿತ ಶೇಂಗಾ ರೈತನಿಗೆ ಈ ಅಂತರದಿಂದ ಏನೂ ದಕ್ಕದು. ಅವನ ಬೆಲೆಗೆ ಆಸರೆಯಾಗಬೇಕಾದದ್ದು ಕಚ್ಚಾ ಎಣ್ಣೆಯ ಮೇಲಿನ ಸುಂಕ, ಇಳಿದದ್ದು ಅದೇ, ಅದೂ ಬಿತ್ತನೆಯ ಹೊಸ್ತಿಲಲ್ಲಿ. ‘ರೈತರ ರಕ್ಷಣೆ’ ಮತ್ತು ‘ದೇಶೀ ಉದ್ಯಮದ ರಕ್ಷಣೆ’ ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯುವವರು ಎಡವುವುದು ಇಲ್ಲೇ.

ಹಾಗೆಂದು ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಸಂಕಷ್ಟವನ್ನೆಲ್ಲ ಪಾಮೆಣ್ಣೆಯ ತಲೆಗೆ ಕಟ್ಟಬೇಡಿ. ಶೇಂಗಾ ಎಣ್ಣೆಯ ರುಚಿಗೆ ಹೆಚ್ಚು ಕೊಡುವ ಗಿರಾಕಿ ಈಗಲೂ ಇದ್ದಾನೆ; ಮಳೆ ಕೈಕೊಟ್ಟ ವರ್ಷ ಮಿಲ್ಲಿಗೆ ಕಾಯಿಯೇ ಬರುವುದಿಲ್ಲ, ಅದಕ್ಕೆ ಯಾವ ಸುಂಕವೂ ಮದ್ದಲ್ಲ.