ಜೀಬ್ರಾ ಮೀನಿನ ಭ್ರೂಣ ಪರೀಕ್ಷೆ: ಸತ್ತವನ್ನು ಎಣಿಸಿದರಷ್ಟೇ ಸಾಲದು

ಮಾಲಿನ್ಯದಿಂದ ಭ್ರೂಣಕ್ಕೆ ಏನಾಗುತ್ತದೆ ಅಂತ ಡಿಗ್ರಿ ಪ್ರಾಜೆಕ್ಟ್ ಮಾಡುವವರಿಗೆ ಜೀಬ್ರಾ ಮೀನು ಅನುಕೂಲ. ಇದರ ಭ್ರೂಣ ತಾಯಿಯ ದೇಹದ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಒಳಗೆಲ್ಲ ಕಾಣುತ್ತದೆ. ಸುಮಾರು ಒಂದು ದಿನಕ್ಕೆ ಹೃದಯ ಬಡಿಯಲು ಶುರು, 2–3 ದಿನಕ್ಕೆ ಮರಿ ಹೊರಗೆ.

ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2013ರ 236ನೇ ಮಾರ್ಗಸೂಚಿ ಪ್ರಕಾರ ಪರೀಕ್ಷಿಸುವ ರಾಸಾಯನಿಕದ ಪ್ರತಿ ಸಾಂದ್ರತೆಗೆ 20 ಭ್ರೂಣ, ಒಟ್ಟು 96 ಗಂಟೆ. ನೋಡಬೇಕಾದ್ದು ನಾಲ್ಕೇ: ಮೊಟ್ಟೆ ಹೆಪ್ಪುಗಟ್ಟಿದೆಯಾ, ಬೆನ್ನಿನುದ್ದಕ್ಕೂ ಸೊಮೈಟ್ (ಮುಂದೆ ಸ್ನಾಯು, ಬೆನ್ನುಮೂಳೆ ಆಗುವ ತುಣುಕುಗಳು) ಮೂಡಿಲ್ಲವಾ, ಬಾಲ ಮೊಟ್ಟೆಯ ಹಳದಿ ಭಾಗದ ಚೀಲಕ್ಕೇ (ಯೋಕ್ ಸ್ಯಾಕ್) ಅಂಟಿಕೊಂಡಿದೆಯಾ, ಹೃದಯ ಬಡಿಯುತ್ತಿಲ್ಲವಾ. ಒಂದು ಕಂಡರೂ ಸತ್ತ ಲೆಕ್ಕ. ಕಂಟ್ರೋಲ್‌ನಲ್ಲಿ, ಅಂದರೆ ಆ ರಾಸಾಯನಿಕ ಹಾಕದ ಗುಂಪಿನಲ್ಲಿ, 90% ಭ್ರೂಣ ಉಳಿಯದಿದ್ದರೆ ಇಡೀ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಎಷ್ಟು ಸತ್ತವು ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗಲ್ಲ. ನನ್ನ ಮಟ್ಟಿಗೆ ಬದುಕಿರುವ, ಆದರೆ ಸರಿಯಿಲ್ಲದ ಭ್ರೂಣವೇ ಜಾಸ್ತಿ ಹೇಳುತ್ತದೆ.

ಕಚ್ಚಾತೈಲವನ್ನೇ ನೋಡಿ. 1989ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ತೈಲ ಸೋರಿತು. ಆಮೇಲಿನ ಅಧ್ಯಯನಗಳಲ್ಲಿ ತೈಲ ತಾಗಿದ ಹೆರಿಂಗ್ ಮತ್ತು ಸಾಲ್ಮನ್ ಭ್ರೂಣಗಳಲ್ಲಿ ನೀರು ತುಂಬಿದ ಊತ, ಡೊಂಕು ಬೆನ್ನು ಕಂಡವು. ತೈಲ ಎಲ್ಲ ಅಂಗಕ್ಕೂ ಒಟ್ಟಿಗೇ ಹೊಡೆಯುತ್ತದೆ ಅನ್ನಿಸುತ್ತದೆ, ಅಲ್ವಾ? ಜೀಬ್ರಾ ಮೀನಿನಲ್ಲಿ ಗಂಟೆ ಗಂಟೆಗೂ ಗಮನಿಸಿದಾಗ ಬೇರೆಯೇ ಕಥೆ ಕಂಡಿತು. ತೈಲದಲ್ಲಿರುವ ಫಿನಾಂತ್ರೀನ್‌ನಂತಹ, ಮೂರು ಇಂಗಾಲದ ಉಂಗುರ ಇರುವ ಹೈಡ್ರೋಕಾರ್ಬನ್ ಮೊದಲು ಹೃದಯದ ಬಡಿತವನ್ನು ಕೆಡಿಸುತ್ತದೆ. ರಕ್ತ ಸರಿಯಾಗಿ ಓಡುವುದಿಲ್ಲ, ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬುತ್ತದೆ. ಬೆನ್ನು ಡೊಂಕಾಗುವುದು ಆಮೇಲೆ. ನಾಲ್ಕು ಉಂಗುರದ ಪೈರೀನ್‌ನ ದಾರಿ ಬೇರೆ. ಹಾಗಾಗಿ ಸುಮ್ನೆ 'ತೈಲ' ಅಂತ ಬರೆದರೆ ಸಾಲದು, ಯಾವ ಅಂಶ ಅಂತಲೂ ಹೇಳಬೇಕು.

ಇದನ್ನು ಹಿಡಿಯಬೇಕಾದರೆ ಕೊನೆಯ ದಿನ ತೆಗೆದ ಒಂದು ಫೋಟೋ ಸಾಕಾಗಲ್ಲ. ಊತ ಕಾಣುವ ಮೊದಲೇ ಬಡಿತ ಎಣಿಸಿ, ಆಮೇಲೂ ಎಣಿಸಿ. ಭ್ರೂಣ ಇಟ್ಟ ಪ್ಲೇಟ್‌ನ ಬಿಸಿ ಒಂದೇ ಮಟ್ಟದಲ್ಲಿರಲಿ, ಬಿಸಿ ಏರಿದರೆ ಬಡಿತವೂ ಏರುತ್ತದೆ. ತೈಲದ ಈ ಅಂಶಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಬಳಸಿದರೆ ಬರೀ ಡಿಎಂಎಸ್‌ಒ ಹಾಕಿದ ಕಂಟ್ರೋಲ್ ಕೂಡ ಬೇಕು.

ಇನ್ನೊಂದು, ವೈವಾದಲ್ಲಿ ಕೇಳಬಹುದಾದದ್ದು: ಒಂದೇ ಜೋಡಿಯ 20 ಮೊಟ್ಟೆ 20 ಪ್ರಯೋಗವಲ್ಲ. ಬೇರೆ ದಿನ, ಬೇರೆ ಜೋಡಿಯ ಮೊಟ್ಟೆಗಳಲ್ಲಿ ಮತ್ತೆ ಮಾಡಿದರೆ ಮಾತ್ರ ಅದು ಇನ್ನೊಂದು ಪ್ರಯೋಗ.