ಶಾರ್ಪ್ ಪೊಸಿಷನ್‌ನಲ್ಲಿ ಕಾಯಿಗಿಂತ ನಡೆ ದುಬಾರಿ

ಚೆಸ್‌ನಲ್ಲಿ ಒಂದೇ ತಪ್ಪು ನಡೆ ಆಟವನ್ನು ಕೆಡಿಸುವ ಸ್ಥಿತಿಯನ್ನು ಶಾರ್ಪ್ ಪೊಸಿಷನ್ ಎನ್ನುತ್ತಾರೆ. ಟೂ ನೈಟ್ಸ್ ಡಿಫೆನ್ಸ್ ಎಂಬ ಆರಂಭದ ಆಟ ಆಡುವವರು ಕಪ್ಪಿನ ಐದನೇ ನಡೆಯನ್ನು ಬಾಯಿಪಾಠ ಮಾಡಿರುತ್ತಾರೆ, ಅದು ಏಕೆ ಎಂದು ಕೇಳಿದರೆ ತಡವರಿಸುತ್ತಾರೆ. (ಮುಂದಿನ ಬರಹದಲ್ಲಿ ಮೊದಲ ಅಂಕಿ ನಡೆಯ ಸಂಖ್ಯೆ, ಅಕ್ಷರ-ಅಂಕಿ ಮನೆಯ ಹೆಸರು, × ಎಂದರೆ ಹೊಡೆತ, ಮೂರು ಚುಕ್ಕಿ ಎಂದರೆ ಕಪ್ಪಿನ ನಡೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳು.) 1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಒಂಟೆ ಸಿ4 ಕುದುರೆ ಎಫ್6 4.ಕುದುರೆ ಜಿ5. ಬಿಳಿಯ ಎರಡು ಕಾಯಿ ಎಫ್7ರ ಮೇಲೆ ಕಣ್ಣಿಟ್ಟಿವೆ. ಅದನ್ನು ಕಾಯುತ್ತಿರುವವನು ರಾಜ ಒಬ್ಬನೇ. 4...ಡಿ5 ಒಂಟೆಯ ದಾರಿ ಮುಚ್ಚುತ್ತದೆ. 5.ಇ×ಡಿ5 ಆದ ಮೇಲೆ ಕುದುರೆಯಿಂದ ಕಾಲಾಳನ್ನು ಮರಳಿ ಹೊಡೆಯಲು (5...ಕುದುರೆ×ಡಿ5) ಕೈ ತಾನಾಗಿ ಹೋಗುತ್ತದೆ. ಅಲ್ಲೇ ಅಪಾಯ.

6.ಕುದುರೆ×ಎಫ್7 ರಾಜ×ಎಫ್7 7.ರಾಣಿ ಎಫ್3 ಚೆಕ್. ಈಗ ರಾಣಿ ರಾಜನ ಜೊತೆಗೆ ಡಿ5ರ ಕುದುರೆಯನ್ನೂ ಹಿಡಿದಿದ್ದಾಳೆ. ರಾಜ ಇ8ಕ್ಕೆ ಸರಿದರೆ ಕುದುರೆ ಹೋಯಿತು, ಬಿಳಿಗೆ ಒಂದು ಕಾಲಾಳು ಹೆಚ್ಚು. ಜಿ8ಕ್ಕೆ ಸರಿದರೆ 8.ಒಂಟೆ×ಡಿ5 ಚೆಕ್, ಹತ್ತನೇ ನಡೆಯೊಳಗೆ ಮೇಟ್. ಕುದುರೆಯನ್ನು ಉಳಿಸಿಕೊಳ್ಳಲು ರಾಜನೇ ಇ6ಕ್ಕೆ ಬರಬೇಕು. 8.ಕುದುರೆ ಸಿ3 ಅದೇ ಡಿ5 ಮನೆಗೆ ಮೂರನೇ ಹೊಡೆತ. ಕಪ್ಪಿನ ಬಳಿ ಒಂದು ಕಾಯಿ ಜಾಸ್ತಿಯಿದೆ, ಆದರೆ ಇಲ್ಲಿಂದ ಮುಂದೆ ಒಂದೇ ಒಂದು ಸಡಿಲ ನಡೆಗೂ ಅವಕಾಶವಿಲ್ಲ. ಗಡಿಯಾರ ಓಡುತ್ತಿರುವಾಗ ಇದನ್ನು ಕಾಪಾಡಿಕೊಳ್ಳುವುದು ತೀರಾ ಕಷ್ಟ.

ಆದ್ದರಿಂದಲೇ 5...ಕುದುರೆ ಎ5. 6.ಒಂಟೆ ಬಿ5 ಚೆಕ್ ಸಿ6 7.ಡಿ×ಸಿ6 ಬಿ×ಸಿ6 8.ಒಂಟೆ ಇ2 ಎಚ್6 9.ಕುದುರೆ ಎಫ್3 ಇ4. ಕಪ್ಪು ಒಂದು ಕಾಲಾಳು ಕಳೆದುಕೊಂಡಿದೆ ನಿಜ. ಆದರೆ ಬಿಳಿಯ ಒಂಟೆ ಓಡಿತು, ಕುದುರೆ ಓಡಿತು, ಈಗ ಮತ್ತೆ ಓಡಬೇಕು. ಪ್ರತಿ ಓಟವೂ ಕಪ್ಪಿಗೆ ಸಿಕ್ಕ ಪುಕ್ಕಟೆ ನಡೆ. ನನ್ನ ಮಟ್ಟಿಗೆ ಕಾಲಾಳಿನ ಬೆಲೆ ಇಲ್ಲಿ ಪೂರ್ತಿ ವಸೂಲಾಗುತ್ತದೆ.

ರಾಜರು ಎದುರುಬದುರು ಬದಿಗಳಲ್ಲಿ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿದಾಗಲೂ ಇದೇ ಲೆಕ್ಕ. ಸಿಸಿಲಿಯನ್ ಡ್ರ್ಯಾಗನ್ ಎಂಬ ಆರಂಭದ ವಿರುದ್ಧ ಬಿಳಿ ಆಡುವ ಯುಗೊಸ್ಲಾವ್ ಅಟ್ಯಾಕ್‌ನಲ್ಲಿ ಬಿಳಿ ಎಚ್4, ಎಚ್5 ಎಂದು ನುಗ್ಗಿ ಎಚ್ ಸಾಲನ್ನು ತೆರೆಯುತ್ತದೆ. ಕಪ್ಪು ತನ್ನ ಆನೆಯನ್ನೇ ಕೊಟ್ಟು ಸಿ3ರ ಕುದುರೆಯನ್ನು ಹೊಡೆಯುವುದು ಬಿಳಿ ರಾಜನ ಮುಂದಿನ ಕಾಲಾಳುಗಳ ಗೋಡೆ ಒಡೆಯಲು. ಇಂಥ ಕಡೆ ಸುಮ್ಮನೆ ಎ3 ಆಡಿ ರಾಜನಿಗೆ ಭದ್ರತೆ ಸಿಕ್ಕಿತೆಂದುಕೊಂಡರೆ ದಾಳಿಯ ಒಂದು ನಡೆ ಹಾಳು, ಜೊತೆಗೆ ಎದುರಾಳಿಯ ಬಿ ಕಾಲಾಳಿಗೆ ಕಚ್ಚಲು ಒಂದು ಗುರಿ.

ಲೆಕ್ಕ ಹಾಕುವಾಗ ಮೊದಲು ಚೆಕ್, ಆಮೇಲೆ ಹೊಡೆತ, ಆಮೇಲೆ ಬೆದರಿಕೆ; ನಿಮ್ಮದಕ್ಕಿಂತ ಮುಂಚೆ ಎದುರಾಳಿಯದು. ಕಾವಲಿಲ್ಲದೆ ನಿಂತ ಕಾಯಿಗಳನ್ನು ಗುರುತಿಸಿಟ್ಟುಕೊಳ್ಳಿ, ಜೋಡಿ ಹೊಡೆತ ಬೀಳುವುದು ಹೆಚ್ಚಾಗಿ ಅವುಗಳ ಮೇಲೆಯೇ. ನಿಮ್ಮ ಹೊಡೆತ ಚೆನ್ನಾಗಿ ಕಂಡಿತೆಂದು ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬೇಡಿ. ಎದುರಾಳಿಗೆ ಚೆಕ್ ಆಗಲಿ ಹೊಡೆತವಾಗಲಿ ಉಳಿಯದ ಸ್ಥಿತಿ ಬರುವವರೆಗೆ ನೋಡಿ.